ಕಾರ್ಡಿನ ಪಾಯಿಂಟ್: ನೂರಕ್ಕೆ ಎಷ್ಟು ವಾಪಸ್ ಬಂತು?

ಪ್ರಶ್ನೆ: ನನ್ನ ಹತ್ತಿರ ಮೂರು ಕ್ರೆಡಿಟ್ ಕಾರ್ಡ್ ಇವೆ. ಮನೆಖರ್ಚೆಲ್ಲ ಒಂದೇ ಕಾರ್ಡಿನಲ್ಲಿ ನಡೆಯುತ್ತದೆ. ತಿಂಗಳಿಗೆ ಸುಮಾರು 40,000. ಅದರಲ್ಲಿ ದಿನಸಿ 12,000, ಪೆಟ್ರೋಲ್ 4,000, ಕರೆಂಟು-ನೀರು-ಫೋನ್ ಬಿಲ್ಲು 5,000, ಉಳಿದದ್ದು ಬಟ್ಟೆ, ಔಷಧಿ, ಹೋಟೆಲು, ಆನ್‌ಲೈನ್ ಖರೀದಿ. ಪ್ರತಿ 150ಕ್ಕೆ 4 ಪಾಯಿಂಟ್ ಕೊಡುತ್ತಾರೆ. ಪಾಯಿಂಟನ್ನು ಬಿಲ್ಲಿಗೆ ಹಾಕಿಸಿಕೊಂಡರೆ ಒಂದಕ್ಕೆ 0.25 ಸಿಗುತ್ತದೆ. ಎರಡು ವರ್ಷದಲ್ಲಿ 18,000 ಪಾಯಿಂಟ್ ಆಗಿದೆ. ಈ ಕಾರ್ಡಿಗೆ ಶುಲ್ಕ ಇಲ್ಲ. ಉಳಿದೆರಡು ಕಾರ್ಡ್ ಸುಮ್ನೆ ಇವೆ, ಅದರಲ್ಲೊಂದಕ್ಕೆ ವರ್ಷಕ್ಕೆ 1,000 ಕಟ್ಟುತ್ತೇನೆ. ಗೆಳೆಯರು ಪಾಯಿಂಟಿನಲ್ಲೇ ವಿಮಾನದ ಟಿಕೆಟ್ ಮಾಡಿಸಿದೆ ಅನ್ನುತ್ತಾರೆ. ನನಗೆ ಯಾವ ಲಾಭವೂ ಕಾಣುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ಒಳ್ಳೆ ಕಾರ್ಡ್ ತೆಗೆದುಕೊಳ್ಳಲಾ? ಸ್ವಲ್ಪ ಪಾಯಿಂಟ್ ಮುಂದಿನ ತಿಂಗಳು ಎಕ್ಸ್‌ಪೈರ್ ಆಗುತ್ತವೆ, ಅವನ್ನು ಏನು ಮಾಡಲಿ?

ಉತ್ತರ: ಲೆಕ್ಕ ಇಷ್ಟು ಬಿಡಿಸಿ ಬರೆದಿದ್ದೀರಿ, ಅದರಿಂದ ಉತ್ತರ ಹೇಳುವುದು ಸುಲಭವಾಯಿತು. ಕನ್ನಡ ಓದುವವರು ಬೇರೆ ಬೇರೆ ದೇಶಗಳಲ್ಲಿದ್ದಾರೆ, ಕಾರ್ಡುಗಳೂ ಬೇರೆ ಬೇರೆ. ಹಾಗಾಗಿ ಇದೇ ಬ್ಯಾಂಕಿನ ಇದೇ ಕಾರ್ಡ್ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹೆಸರು ಹೇಳಿದರೂ ಆರು ತಿಂಗಳಲ್ಲಿ ಅದರ ನಿಯಮ ಬದಲಾಗಿರುತ್ತದೆ. ಲೆಕ್ಕ ಹಾಕುವ ದಾರಿ ಮಾತ್ರ ಎಲ್ಲ ಕಡೆ ಒಂದೇ. ಅದನ್ನು ನಿಮ್ಮ ಅಂಕಿಗಳಲ್ಲೇ ಮಾಡಿ ತೋರಿಸುತ್ತೇನೆ.

18,000 ಪಾಯಿಂಟ್ ಅಂದರೆ ಕೇಳಲಿಕ್ಕೆ ದೊಡ್ಡ ಮೊತ್ತ. ಒಂದಕ್ಕೆ 0.25ರಂತೆ ಅದರ ಬೆಲೆ 4,500. ಎರಡು ವರ್ಷದಲ್ಲಿ ನೀವು ಖರ್ಚು ಮಾಡಿದ್ದು 9,60,000. ಅಂದರೆ ನೂರಕ್ಕೆ 0.47 ವಾಪಸ್ ಬಂದಿದೆ. ಅರ್ಧವೂ ಇಲ್ಲ. ಬಳಸದ ಕಾರ್ಡಿಗೆ ಎರಡು ವರ್ಷದಲ್ಲಿ 2,000 ಶುಲ್ಕ ಕಟ್ಟಿದ್ದೀರಿ. ಅದನ್ನು ಕಳೆದರೆ ಉಳಿಯುವುದು 2,500. ನಿಮಗೆ ಲಾಭ ಕಾಣದಿರಲು ಇದೇ ಕಾರಣ. ಕಾಣುವಷ್ಟು ಬಂದೇ ಇಲ್ಲ.

ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಪಾಯಿಂಟ್ ಎಣಿಸುವುದನ್ನು ಬಿಡಿ. ನೂರು ಖರ್ಚು ಮಾಡಿದರೆ ಕೈಗೆ ಎಷ್ಟು ವಾಪಸ್ ಬಂತು, ಅದೊಂದನ್ನೇ ನೋಡಿ. ಒಂದು ಕಾರ್ಡ್ ನೂರಕ್ಕೆ 1 ಪಾಯಿಂಟ್ ಕೊಟ್ಟು, ಅದರ ಬೆಲೆ 1 ಇರಬಹುದು. ಇನ್ನೊಂದು ನೂರಕ್ಕೆ 10 ಪಾಯಿಂಟ್ ಕೊಟ್ಟು, ಒಂದರ ಬೆಲೆ 0.05 ಇರಬಹುದು. ಜಾಹೀರಾತಿನಲ್ಲಿ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಕೈಗೆ ಬರುವುದು ಮೊದಲನೆಯದರ ಅರ್ಧ.

ಈಗ ನಿಮ್ಮ ಕಾರ್ಡಿನ ವಿಷಯ. ಪ್ರತಿ 150ಕ್ಕೆ 4 ಪಾಯಿಂಟ್ ಅಂದರೆ 9,60,000ಕ್ಕೆ 25,600 ಪಾಯಿಂಟ್ ಬರಬೇಕಿತ್ತು. ಬಂದಿದ್ದು 18,000. ಉಳಿದ 7,600 ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ. ಎರಡು ಕಡೆ ಸೋರಿದೆ.

ಮೊದಲನೆಯದು, ಪಾಯಿಂಟೇ ಸಿಗದ ಖರ್ಚು. ಪೆಟ್ರೋಲ್, ಕರೆಂಟ್ ಬಿಲ್ಲು, ಮನೆ ಬಾಡಿಗೆ, ವಾಲೆಟ್‌ಗೆ ದುಡ್ಡು ತುಂಬಿಸುವುದು, ಸರ್ಕಾರಕ್ಕೆ ಕಟ್ಟುವ ತೆರಿಗೆ, ವಿಮೆಯ ಕಂತು. ಇವುಗಳಲ್ಲಿ ಕೆಲವಕ್ಕೋ ಎಲ್ಲಕ್ಕೋ ಪಾಯಿಂಟ್ ಇಲ್ಲ ಅಂತ ಎಷ್ಟೋ ಕಾರ್ಡುಗಳ ನಿಯಮದಲ್ಲೇ ಬರೆದಿರುತ್ತದೆ. ಕಾರ್ಡಿನಲ್ಲಿ ನಗದು ತೆಗೆದರಂತೂ ಪಾಯಿಂಟ್ ಇರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಬೇರೆ ಶುಲ್ಕ. ನಿಮ್ಮ ಪೆಟ್ರೋಲ್ ಮತ್ತು ಬಿಲ್ಲು ಸೇರಿ ತಿಂಗಳಿಗೆ 9,000. ಎರಡು ವರ್ಷಕ್ಕೆ 2,16,000. ಇದಕ್ಕೆ ಪಾಯಿಂಟ್ ಇಲ್ಲ ಅಂದುಕೊಂಡರೆ 5,760 ಪಾಯಿಂಟಿನ ಲೆಕ್ಕ ಸಿಕ್ಕಿತು.

ಇನ್ನುಳಿದ 1,840 ಹೋಗಿದ್ದು ಚಿಲ್ಲರೆಯಲ್ಲಿ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. 'ಪ್ರತಿ 150ಕ್ಕೆ' ಅನ್ನುವ ಮಾತಿನ ಅರ್ಥ, ಪೂರ್ತಿ 150 ಆದರೆ ಮಾತ್ರ ಅಂತ. ನೀವು 290ರ ಸಾಮಾನು ತಂದರೆ ಒಂದು 150ಕ್ಕೆ 4 ಪಾಯಿಂಟ್ ಬರುತ್ತದೆ. ಉಳಿದ 140 ಲೆಕ್ಕಕ್ಕೇ ಇಲ್ಲ. ಬೆಳಗ್ಗೆ 140, ಮಧ್ಯಾಹ್ನ 130, ಸಂಜೆ 145ರ ಬಿಲ್ಲಾದರೆ ಇಡೀ ದಿನಕ್ಕೆ ಸೊನ್ನೆ. ಒಂದೊಂದು ಬಿಲ್ಲಿನಲ್ಲಿ ಸರಾಸರಿ 75 ಹೀಗೆ ಹೋಗುತ್ತದೆ ಅಂದುಕೊಳ್ಳಿ. ತಿಂಗಳಿಗೆ 38 ಬಿಲ್ಲಾದರೆ ನಿಮ್ಮ 1,840 ಪಾಯಿಂಟಿನ ಲೆಕ್ಕ ಸರಿಹೋಗುತ್ತದೆ. ದಿನಕ್ಕೆ ಒಂದೂಕಾಲು ಬಿಲ್ಲು ಅಷ್ಟೇ. ಸಂಸಾರಸ್ಥರಿಗೆ ಅದು ಜಾಸ್ತಿ ಏನಲ್ಲ.

ನಿಮ್ಮ ಸ್ಟೇಟ್‌ಮೆಂಟ್ ನಾನು ನೋಡಿಲ್ಲ. ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಅದಕ್ಕೇ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ, ಒಂದು ನೋಟ್‌ಬುಕ್, ಒಂದು ಪೆನ್ನು. ಪ್ರತಿ ಸಾಲಿನ ಪಕ್ಕ ಪಾಯಿಂಟ್ ಬಂದಿದೆಯಾ ಇಲ್ಲವಾ ಅಂತ ಗುರುತು ಹಾಕುತ್ತಾ ಹೋಗಿ. ಕೆಲವು ಬ್ಯಾಂಕುಗಳು ಒಂದೊಂದು ಖರೀದಿಗೂ ಬಂದ ಪಾಯಿಂಟನ್ನು ಆ್ಯಪ್‌ನಲ್ಲೇ ತೋರಿಸುತ್ತವೆ. ತೋರಿಸದಿದ್ದರೆ ಕಸ್ಟಮರ್ ಕೇರ್‌ಗೆ ಕೇಳಿ. ಒಂದು ಗಂಟೆ ಹಿಡಿಯುತ್ತದೆ. ನಾನು ಮೊದಲ ಸಲ ಹೀಗೆ ಕೂತಾಗ ನನಗೆ ತಿಳಿದದ್ದು, ವರ್ಷಗಟ್ಟಲೆ ಜಾಹೀರಾತು ಓದಿ ತಿಳಿದದ್ದಕ್ಕಿಂತ ಜಾಸ್ತಿ.

ಹಾಗೆ ಗುರುತು ಹಾಕುವಾಗ ಒಂದು ವಿಚಿತ್ರ ಕಾಣಬಹುದು. ದಿನಸಿಗೆ ಜಾಸ್ತಿ ಪಾಯಿಂಟ್ ಕೊಡುವ ಕಾರ್ಡಿನಲ್ಲೇ ಅಕ್ಕಿ-ಬೇಳೆ ತಂದಿರುತ್ತೀರಿ, ಆದರೂ ಸಾಮಾನ್ಯ ಪಾಯಿಂಟ್ ಬಂದಿರುತ್ತದೆ. ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಿದ್ದರೆ ಬಹಳ ಉಪಯೋಗ. ನೀವು ಏನು ಕೊಂಡಿರಿ ಅಂತ ಸಾಮಾನ್ಯವಾಗಿ ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಯಾರ ಹತ್ತಿರ ಕೊಂಡಿರಿ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಕಾರ್ಡ್ ತೆಗೆದುಕೊಳ್ಳುವ ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಮರ್ಚಂಟ್ ಕೆಟಗರಿ ಕೋಡ್, ಚಿಕ್ಕದಾಗಿ ಎಂಸಿಸಿ. ಅಂಗಡಿಗೆ ಕಾರ್ಡ್ ಮಷಿನ್ ಕೊಟ್ಟ ಬ್ಯಾಂಕೋ ಕಂಪನಿಯೋ ಇದನ್ನು ನಿಗದಿ ಮಾಡುತ್ತದೆ. ದಿನಸಿ ಅಂಗಡಿ, ಸೂಪರ್‌ಮಾರ್ಕೆಟ್ 5411. ರೆಸ್ಟೋರೆಂಟ್ 5812. ಪೆಟ್ರೋಲ್ ಬಂಕ್ 5541. ಔಷಧಿ ಅಂಗಡಿ 5912. ಕರೆಂಟು, ನೀರು, ಗ್ಯಾಸ್ 4900. ಡಿಪಾರ್ಟ್‌ಮೆಂಟ್ ಸ್ಟೋರ್ 5311. ಸದಸ್ಯತ್ವ ಪಡೆದು ಸಗಟಿನಲ್ಲಿ ಕೊಳ್ಳುವ ದೊಡ್ಡ ಮಳಿಗೆ 5300.

ಈಗ ನೋಡಿ. ಬಟ್ಟೆ, ಪಾತ್ರೆ, ದಿನಸಿ ಎಲ್ಲ ಒಂದೇ ಸೂರಿನಡಿ ಮಾರುವ ಮಳಿಗೆಗೆ 5311 ಕೋಡ್ ಇದ್ದರೆ, ನೀವು ಅಲ್ಲಿ ಬರೀ ಅಕ್ಕಿ ತಂದರೂ ಅದು ದಿನಸಿ ಅಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಹಾಲು ಕೊಂಡರೆ ಅದು ಇಂಧನದ ಲೆಕ್ಕಕ್ಕೆ ಸೇರಬಹುದು. ಡೆಲಿವರಿ ಆ್ಯಪ್‌ನಲ್ಲಿ ತರಕಾರಿ ತರಿಸಿದರೆ, ಆ ಆ್ಯಪ್ ಯಾವ ಕೋಡಿನಲ್ಲಿದೆಯೋ ಅದೇ ಲೆಕ್ಕ. ಹೊಸ ಅಂಗಡಿಗೆ ತಿಂಗಳ ದೊಡ್ಡ ಸಾಮಾನಿಗೆ ಹೋಗುವ ಮೊದಲು, ಒಂದು ಸಣ್ಣ ಖರೀದಿ ಮಾಡಿ ಅದು ಸ್ಟೇಟ್‌ಮೆಂಟಿನಲ್ಲಿ ಯಾವ ವರ್ಗಕ್ಕೆ ಸೇರಿತು ಅಂತ ನೋಡಿ. ನೂರರ ಸಾಮಾನಿನಲ್ಲಿ ಗೊತ್ತಾಗುವುದನ್ನು ಹತ್ತು ಸಾವಿರದ ಸಾಮಾನಿನಲ್ಲಿ ಯಾಕೆ ಕಲಿಯಬೇಕು, ಅಲ್ವಾ?

ಇನ್ನು ಮುಖ್ಯ ಪ್ರಶ್ನೆ. ಬೇರೆ ಕಾರ್ಡ್ ತೆಗೆದುಕೊಳ್ಳಬೇಕಾ? ಎರಡು ಮಾದರಿ ಇಟ್ಟುಕೊಂಡು ನೋಡೋಣ. ಮೊದಲನೆಯದು ಸೀದಾ ಕಾರ್ಡ್. ಯಾವ ಖರೀದಿಗೂ ನೂರಕ್ಕೆ 1.5 ವಾಪಸ್, ಶುಲ್ಕ ಇಲ್ಲ. ಎರಡನೆಯದು ದಿನಸಿ ಕಾರ್ಡ್. ದಿನಸಿಗೆ ನೂರಕ್ಕೆ 5, ಆದರೆ ಹಾಗೆ ವಾಪಸ್ ಬರುವುದಕ್ಕೆ ತಿಂಗಳಿಗೆ 500ರ ಮಿತಿ. ಮಿತಿ ದಾಟಿದ ಮೇಲೆ ಮತ್ತು ಬೇರೆ ಖರೀದಿಗೆ ನೂರಕ್ಕೆ 1. ವರ್ಷಕ್ಕೆ 3,000 ಶುಲ್ಕ. ಪೆಟ್ರೋಲ್, ಬಿಲ್ಲಿಗೆ ಎರಡರಲ್ಲೂ ಏನೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗ ಪಾಯಿಂಟಿಗೆ ಬರುವ ನಿಮ್ಮ ಖರ್ಚು ತಿಂಗಳಿಗೆ 31,000.

ಬರೀ ಸೀದಾ ಕಾರ್ಡ್ ಬಳಸಿದರೆ ತಿಂಗಳಿಗೆ 465, ವರ್ಷಕ್ಕೆ 5,580.

ಬರೀ ದಿನಸಿ ಕಾರ್ಡ್ ಬಳಸಿದರೆ? ದಿನಸಿಯ ಮೊದಲ 10,000ಕ್ಕೆ 500, ಅಲ್ಲಿಗೆ ಮಿತಿ ಮುಗಿಯಿತು. ಉಳಿದ 2,000ಕ್ಕೆ 20. ಇತರ 19,000ಕ್ಕೆ 190. ಒಟ್ಟು ತಿಂಗಳಿಗೆ 710, ವರ್ಷಕ್ಕೆ 8,520. ಶುಲ್ಕ 3,000 ಕಳೆದರೆ 5,520. ನೂರಕ್ಕೆ 5 ಕೊಡುವ ಕಾರ್ಡ್ ನೂರಕ್ಕೆ 1.5 ಕೊಡುವ ಕಾರ್ಡಿಗಿಂತ 60 ಕಡಿಮೆ ಕೊಟ್ಟಿತು! ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಶುಲ್ಕದ ಕಥೆ ಅದೇ.

ಎರಡನ್ನೂ ಇಟ್ಟುಕೊಂಡು, ದಿನಸಿಯ ಮೊದಲ 10,000 ಮಾತ್ರ ದಿನಸಿ ಕಾರ್ಡಿನಲ್ಲಿ, ಉಳಿದ 21,000 ಸೀದಾ ಕಾರ್ಡಿನಲ್ಲಿ ಹಾಕಿದರೆ ತಿಂಗಳಿಗೆ 500 ಮತ್ತು 315, ಒಟ್ಟು 815. ವರ್ಷಕ್ಕೆ 9,780. ಶುಲ್ಕ ಕಳೆದರೆ 6,780.

ಈಗ ನಿಮ್ಮ ಇಂದಿನ ಸ್ಥಿತಿ ಇದರ ಪಕ್ಕದಲ್ಲಿಟ್ಟು ನೋಡಿ. ಬಳಸದ ಕಾರ್ಡಿನ ಶುಲ್ಕ ಲೆಕ್ಕಕ್ಕೆ ಹಿಡಿಯದಿದ್ದರೂ ವರ್ಷಕ್ಕೆ 2,250. ಒಂದು ಸೀದಾ ಕಾರ್ಡಿಗೆ ಬದಲಾದರೆ 5,580. ಅಲ್ಲಿಗೆ 3,330 ಹೆಚ್ಚಾಯಿತು. ಆಮೇಲೆ ಇನ್ನೊಂದು ಕಾರ್ಡ್ ಸೇರಿಸಿ, ಪ್ರತಿ ತಿಂಗಳು ಯಾವುದನ್ನು ಎಲ್ಲಿ ಕೊಡಬೇಕು ಅಂತ ನೆನಪಿಟ್ಟುಕೊಂಡು ಒದ್ದಾಡಿದರೆ ಸಿಗುವುದು ಇನ್ನು 1,200. ಇದು ನಿಮ್ಮ ಖರ್ಚಿನ ಲೆಕ್ಕ. ದಿನಸಿಗೆ 12,000ದ ಬದಲು 6,000 ಖರ್ಚಾಗುವ ಮನೆಯಲ್ಲಿ ಎರಡನೇ ಕಾರ್ಡಿನಿಂದ ನಷ್ಟವೇ. 6,000ಕ್ಕೆ ಅದು 300 ಕೊಡುತ್ತದೆ, ಸೀದಾ ಕಾರ್ಡ್ 90 ಕೊಡುತ್ತದೆ. ತಿಂಗಳಿಗೆ 210 ಜಾಸ್ತಿ, ವರ್ಷಕ್ಕೆ 2,520. ಶುಲ್ಕವೇ 3,000.

ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚಿನ ಮನೆಗಳಿಗೆ ಒಂದು ಸೀದಾ ಕ್ಯಾಶ್‌ಬ್ಯಾಕ್ ಕಾರ್ಡ್ ಸಾಕು. ಯಾವುದಾದರೂ ಒಂದು ಖರ್ಚು ನಿಜಕ್ಕೂ ದೊಡ್ಡದಿದ್ದರೆ ಮಾತ್ರ ಅದಕ್ಕೆಂದೇ ಎರಡನೆಯದು. ಐದಾರು ಕಾರ್ಡ್ ಇಟ್ಟುಕೊಂಡು ಚೆನ್ನಾಗಿ ನಿಭಾಯಿಸುವವರೂ ಇದ್ದಾರೆ. ಅವರಿಗೆ ಅದರಲ್ಲಿ ಆಸಕ್ತಿ ಇದೆ, ಸಮಯ ಕೊಡುತ್ತಾರೆ. ಅದು ತಪ್ಪಲ್ಲ. ಆದರೆ ಅವರ ದಾರಿಯಲ್ಲೇ ಎಲ್ಲರೂ ನಡೆಯಬೇಕಿಲ್ಲ. ನೀವು ಬಳಸದ ಆ 1,000 ಶುಲ್ಕದ ಕಾರ್ಡಿನ ವಿಷಯಕ್ಕೆ ಬಂದರೆ, ಮೊದಲು ಬ್ಯಾಂಕಿಗೆ ಫೋನ್ ಮಾಡಿ ಶುಲ್ಕ ಮನ್ನಾ ಮಾಡಿ ಅಂತ ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ. ಇಲ್ಲವಾದರೆ ಶುಲ್ಕ ಇಲ್ಲದ ಕಾರ್ಡಿಗೆ ಬದಲಿಸಿಕೊಡಿ ಅನ್ನಿ. ಅದೂ ಆಗದಿದ್ದರೆ ಅದರಲ್ಲಿರುವ ಪಾಯಿಂಟ್ ಖಾಲಿ ಮಾಡಿ ಮುಚ್ಚಿಸಿ. ಈ ಕ್ರಮ ತಪ್ಪಬೇಡಿ. ಕಾರ್ಡ್ ಮುಚ್ಚಿದರೆ ಪಾಯಿಂಟೂ ಹೋಗುವುದು ಸಾಮಾನ್ಯ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಬಡ್ಡಿ.

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ತಿಂಗಳು ನನ್ನ ಬಿಲ್ಲು 38,640 ಬಂದಿತ್ತು. ಏನೋ ಗಡಿಬಿಡಿಯಲ್ಲಿ ನಾನು 38,000 ಕಟ್ಟಿದೆ. ಉಳಿದ 640 ಮುಂದಿನ ತಿಂಗಳು ಸೇರಿಸಿ ಕಟ್ಟಿದರಾಯಿತು, 640ಕ್ಕೆ ಎಷ್ಟು ಬಡ್ಡಿ ಬಂದೀತು ಅಂದುಕೊಂಡೆ. ಮುಂದಿನ ಬಿಲ್ಲಿನಲ್ಲಿ ಬಡ್ಡಿಯೇ 1,300ರ ಮೇಲಿತ್ತು. ತಪ್ಪಾಗಿದೆ ಅಂತ ಫೋನ್ ಮಾಡಿದೆ. ಆ ಕಡೆಯಿಂದ ಮಾತಾಡಿದ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ತಪ್ಪು ನನ್ನದೇ ಆಗಿತ್ತು.

ಎಷ್ಟೋ ಕಾರ್ಡುಗಳ ನಿಯಮ ಹೀಗಿರುತ್ತದೆ. ಬಿಲ್ಲು ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲದ ಅವಧಿ ಸಿಗುತ್ತದೆ. ಸ್ವಲ್ಪ ಉಳಿಸಿಕೊಂಡರೂ ಆ ಸೌಲಭ್ಯವೇ ಹೋಗುತ್ತದೆ. ಆಗ ಬಡ್ಡಿ ಬರುವುದು ಉಳಿದ 640ಕ್ಕಲ್ಲ. ಪ್ರತಿ ಖರೀದಿಗೂ ಅದು ನಡೆದ ದಿನದಿಂದ, ಹಣ ಕಟ್ಟಿದ ದಿನದವರೆಗೆ. ತಿಂಗಳ ಉದ್ದಕ್ಕೂ ಖರೀದಿ ಮಾಡಿ, ಬಿಲ್ಲು ಬಂದ 20 ದಿನಕ್ಕೆ ಕಟ್ಟಿದರೆ ಸರಾಸರಿ 35 ದಿನ ಆಗುತ್ತದೆ. ತಿಂಗಳಿಗೆ ನೂರಕ್ಕೆ 3 ಬಡ್ಡಿ ಹಾಕಿ ನೋಡಿ, 1,350 ಆಯಿತು. ಸಾಲದ್ದಕ್ಕೆ, ಹಳೆಯದು ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಅವತ್ತಿನಿಂದಲೇ ಬಡ್ಡಿ. ಆ ತಿಂಗಳು ನನಗೆ ಬಂದ ಪಾಯಿಂಟಿನ ಬೆಲೆ 250 ಇದ್ದಿರಬೇಕು. ಐದು ತಿಂಗಳ ಪಾಯಿಂಟ್ 640ರ ಉದಾಸೀನಕ್ಕೆ ಹೋಯಿತು.

ಹಾಗಾಗಿ ಆಟೊ ಡೆಬಿಟ್ ಹಾಕಿಸಿ. ಹಾಕಿಸುವಾಗ 'ಟೋಟಲ್ ಡ್ಯೂ', ಅಂದರೆ ಪೂರ್ತಿ ಬಾಕಿ, ಅಂತ ಆರಿಸಿ. 'ಮಿನಿಮಮ್ ಡ್ಯೂ' ಬೇಡವೇ ಬೇಡ. ಮಿನಿಮಮ್ ಕಟ್ಟಿದರೆ ತಡ ಮಾಡಿದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಈಗಾಗಲೇ ಬಾಕಿ ಇಟ್ಟುಕೊಂಡಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಈ ಪಾಯಿಂಟಿನ ಲೆಕ್ಕವನ್ನೆಲ್ಲ ಸದ್ಯಕ್ಕೆ ಮರೆತುಬಿಡಿ. ಮೊದಲು ಬಾಕಿ ತೀರಿಸಿ. ತಿಂಗಳಿಗೆ ನೂರಕ್ಕೆ 3 ಹೋಗುತ್ತಿರುವಾಗ ನೂರಕ್ಕೆ 1.5 ಬಂದು ಏನೂ ಪ್ರಯೋಜನ ಇಲ್ಲ.

ಈ ಪಾಯಿಂಟಿನ ಹಣ ಎಲ್ಲಿಂದ ಬರುತ್ತದೆ ಅಂತಲೂ ತಿಳಿದಿರಲಿ. ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಹಣ ಹೋಗುವುದಿಲ್ಲ. ಸ್ವಲ್ಪ ಭಾಗ ಮುರಿದುಕೊಳ್ಳುತ್ತಾರೆ. ಅದರ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಅದಕ್ಕೆ ಇಂಟರ್‌ಚೇಂಜ್ ಶುಲ್ಕ ಅನ್ನುತ್ತಾರೆ. ಅದರ ಜೊತೆಗೆ ಬಾಕಿ ಇಟ್ಟುಕೊಂಡವರ ಬಡ್ಡಿ, ವರ್ಷದ ಶುಲ್ಕ. ಇದರಿಂದಲೇ ಪಾಯಿಂಟ್ ಕೊಡುವುದು. ಯುರೋಪಿಯನ್ ಒಕ್ಕೂಟ 2015ರಲ್ಲಿ ಕಾನೂನು ತಂದು ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜನ್ನು ನೂರಕ್ಕೆ 0.3ಕ್ಕೆ ಮಿತಿಗೊಳಿಸಿತು. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲೇ ಅದನ್ನು ಇಳಿಸಿತ್ತು. ಅಲ್ಲಿನ ಪಾಯಿಂಟುಗಳೂ ತೆಳುವಾದವು. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಅಲ್ಲಿ ಪಾಯಿಂಟ್ ಧಾರಾಳ. ಬೇರೆ ದೇಶದಲ್ಲಿರುವ ನೆಂಟರ ಕಾರ್ಡಿನ ಜೊತೆ ನಿಮ್ಮದನ್ನು ಹೋಲಿಸಿ ಬೇಸರ ಪಡಬೇಡಿ. ವ್ಯತ್ಯಾಸ ಇರುವುದು ಕಾನೂನಿನಲ್ಲಿ, ನಿಮ್ಮ ಜಾಣತನದಲ್ಲಲ್ಲ.

ಬ್ಯಾಂಕು ಧಾರಾಳವಾಗಿ ಕೊಡಲು ಇನ್ನೊಂದು ಕಾರಣ ಇದೆ. ಕಾರ್ಡ್ ಕೈಯಲ್ಲಿದ್ದರೆ ನಮ್ಮ ಕೈ ಸಡಿಲ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಅನ್ನುವ ಇಬ್ಬರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ವಿದ್ಯಾರ್ಥಿಗಳಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗೆ ಇಟ್ಟರು. ಕೆಲವರಿಗೆ ನಗದು ಕೊಡಬೇಕು ಅಂದರು, ಕೆಲವರಿಗೆ ಕಾರ್ಡಿನಲ್ಲಿ ಕೊಡಬೇಕು ಅಂದರು. ನಗದಿನವರಿಗಿಂತ ಕಾರ್ಡಿನವರು ಸುಮಾರು ಎರಡು ಪಟ್ಟು ಕೂಗಿದರು. ನಾವೆಲ್ಲ ಅಷ್ಟು ಜಾಸ್ತಿ ಖರ್ಚು ಮಾಡುತ್ತೇವೆ ಅಂತಲ್ಲ. ಆದರೆ ಲೆಕ್ಕ ನೋಡಿ. ನೂರಕ್ಕೆ 1.5 ವಾಪಸ್ ಬರುವ ಕಾರ್ಡ್ ಹಿಡಿದು, ಬೇಡದ ಸಾಮಾನಿಗೆ ತಿಂಗಳಿಗೆ 500 ಜಾಸ್ತಿ ಹಾಕಿದರೂ ನಿಮ್ಮ ಇಡೀ ತಿಂಗಳ 465 ಹೋಯಿತು.

ಇದು ಅತಿ ಹೆಚ್ಚು ಆಗುವುದು 'ಇಷ್ಟು ಖರ್ಚು ಮಾಡಿದರೆ ಬೋನಸ್' ಅನ್ನುವ ಕಡೆ. ಗುರಿ ಹತ್ತಿರ ಬಂದಷ್ಟೂ ಮನಸ್ಸು ಆತುರ ಪಡುತ್ತದೆ. 2006ರಲ್ಲಿ ರಾನ್ ಕಿವೆಟ್ಜ್ ಮತ್ತು ಸಂಗಡಿಗರು ಇದನ್ನು ಕಾಫಿ ಅಂಗಡಿಯ ಕಾರ್ಡಿನಲ್ಲಿ ಪರೀಕ್ಷೆ ಮಾಡಿದರು. ಕೆಲವರಿಗೆ 10 ಮುದ್ರೆ ಬೇಕಾದ ಖಾಲಿ ಕಾರ್ಡ್ ಕೊಟ್ಟರು. ಕೆಲವರಿಗೆ 12 ಮುದ್ರೆಯ ಕಾರ್ಡ್, ಎರಡು ಮೊದಲೇ ಒತ್ತಿದ್ದು. ಇಬ್ಬರೂ ಕುಡಿಯಬೇಕಾದ ಕಾಫಿ ಹತ್ತೇ. ಆದರೂ ಎರಡನೆಯವರು ಬೇಗ ಮುಗಿಸಿದರು. ನಿಮ್ಮ ಕಾರ್ಡಿನ ಆ್ಯಪ್‌ನಲ್ಲಿ 'ಬೋನಸ್‌ಗೆ ಇನ್ನು 6,000 ಮಾತ್ರ' ಅಂತ ಕಾಣುವ ಪಟ್ಟಿ ಇದೇ ಕೆಲಸ ಮಾಡುತ್ತದೆ.

ಹಾಗಂತ ಬೋನಸ್ ಬಿಡಬೇಕಿಲ್ಲ. ಹೊಸ ಕಾರ್ಡಿನ ಮೊದಲ ಬೋನಸ್ ಎಷ್ಟೋ ಸಲ ಇಡೀ ವರ್ಷದ ಪಾಯಿಂಟಿಗಿಂತ ದೊಡ್ಡದು. ಅದನ್ನು ಮುಟ್ಟುವ ಸರಿಯಾದ ದಾರಿ, ಹೇಗಿದ್ದರೂ ಮಾಡಲೇಬೇಕಾದ ಖರ್ಚನ್ನು ಆ ಅವಧಿಗೆ ಹೊಂದಿಸುವುದು. ಮಕ್ಕಳ ಫೀಸು, ಗಾಡಿಯ ವಿಮೆ, ಹಾಳಾಗಿ ನಿಂತ ಫ್ರಿಜ್ಜಿನ ಬದಲು ಹೊಸದು. ಇವು ಬರುವ ತಿಂಗಳ ಹಿಂದೆಮುಂದೆ ನೋಡಿ ಕಾರ್ಡಿಗೆ ಅರ್ಜಿ ಹಾಕಿ. ಅದಕ್ಕೂ ಮೊದಲು ಆ ಖರ್ಚು ಬೋನಸ್ ಲೆಕ್ಕಕ್ಕೆ ಸೇರುತ್ತದಾ ಅಂತ ನಿಯಮ ಓದಿ. ಫೀಸು, ವಿಮೆಯನ್ನು ಹೊರಗಿಟ್ಟಿರುವ ಕಾರ್ಡುಗಳಿವೆ. ಸಾಮಾನು ಹಿಂದಿರುಗಿಸಿದರೆ ಅದರ ಪಾಯಿಂಟೂ ವಾಪಸ್ ಹೋಗುತ್ತದೆ, ಅದೂ ನೆನಪಿರಲಿ.

ಅಂಗಡಿಯ ಮುಂದೆ ನಿಂತಾಗ ಒಂದೆರಡು ಸಣ್ಣ ಲೆಕ್ಕ. ಕಾರ್ಡಿಗೆ ನೂರಕ್ಕೆ 2 ಜಾಸ್ತಿ ಆಗುತ್ತದೆ ಅಂದರೆ ನಿಮ್ಮ 1.5ಕ್ಕೆ ಅರ್ಥ ಇಲ್ಲ, ಬೇರೆ ರೀತಿಯಲ್ಲಿ ಕೊಡಿ. ನಗದಿಗೆ ರಿಯಾಯಿತಿ ಕೊಟ್ಟರೂ ಅದೇ ಲೆಕ್ಕ. ಅಂಗಡಿಯದೇ ಲಾಯಲ್ಟಿ ಪಾಯಿಂಟ್ ಇದ್ದರೆ ಅದನ್ನು ಬಿಡಬೇಡಿ. ಅದು ಬೇರೆ, ಕಾರ್ಡಿನದು ಬೇರೆ, ಎರಡೂ ಸಿಗುತ್ತವೆ. ಮನೆಯವರಿಗೆ ನಿಮ್ಮ ಖಾತೆಗೇ ಸೇರಿದ ಆ್ಯಡ್-ಆನ್ ಕಾರ್ಡ್ ಕೊಡಿಸಿದರೆ ಎಲ್ಲರ ಪಾಯಿಂಟೂ ಒಂದೇ ಕಡೆ ಸೇರುತ್ತದೆ. ಸಣ್ಣ ಸಣ್ಣ ಬಿಲ್ಲು ಕಡಿಮೆ ಮಾಡಿ, ವಾರಕ್ಕೊಮ್ಮೆ ಒಟ್ಟಿಗೆ ತಂದರೆ ಚಿಲ್ಲರೆಯಲ್ಲಿ ಸೋರುವುದು ನಿಲ್ಲುತ್ತದೆ. ಸೀದಾ ಕಾರ್ಡಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಕೊಡುವುದಾದರೆ ಈ ಚಿಂತೆಯೂ ಇಲ್ಲ.

ವಿದೇಶಿ ಹಣದಲ್ಲಿ ನಡೆಯುವ ಖರೀದಿ ಮಾತ್ರ ಸ್ವಲ್ಪ ನಿಗಾ ಇಟ್ಟು ನೋಡಿ. ಪ್ರವಾಸದ ಮಾತಲ್ಲ, ಮನೆಯಲ್ಲೇ ಕೂತು ತೆಗೆದುಕೊಂಡ ಆ್ಯಪ್ ಚಂದಾ ಕೂಡ ವಿದೇಶಿ ಹಣದಲ್ಲಿ ಕಳೆಯುತ್ತಿರಬಹುದು. ಅದಕ್ಕೆ ನೂರಕ್ಕೆ 3ರ ಆಸುಪಾಸು ಶುಲ್ಕ ಹಾಕುವ ಕಾರ್ಡುಗಳು ಬೇಕಾದಷ್ಟಿವೆ. ಪಾಯಿಂಟ್ 1.5, ಶುಲ್ಕ 3. ಇನ್ನು ಬೇರೆ ದೇಶಕ್ಕೆ ಹೋದಾಗ ಮಷಿನ್ 'ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಆ ಊರಿನ ಹಣವನ್ನೇ ಆರಿಸಿ. ಅವರು ಮಾಡುವ ಪರಿವರ್ತನೆ ಸಾಮಾನ್ಯವಾಗಿ ದುಬಾರಿ.

ನಿಮ್ಮ ಗೆಳೆಯರ ವಿಮಾನದ ಟಿಕೆಟಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ. ಪಾಯಿಂಟನ್ನು ವಿಮಾನ ಕಂಪನಿಯ ಮೈಲಿಗೆ, ಅಂದರೆ ಟಿಕೆಟ್ ಕೊಳ್ಳಲು ಬಳಸುವ ಆ ಕಂಪನಿಯದೇ ಪಾಯಿಂಟಿಗೆ, ಬದಲಿಸಿದರೆ ಕೆಲವೊಮ್ಮೆ ನಿಜವಾಗಿಯೂ ಒಳ್ಳೆ ಬೆಲೆ ಸಿಗುತ್ತದೆ. ಲೆಕ್ಕ ಹೀಗೆ ಹಾಕಬೇಕು. ಟಿಕೆಟಿನ ಬೆಲೆ 6,000 ಇದೆ. ಪಾಯಿಂಟಿನಲ್ಲಿ ಕೊಂಡರೆ 12,000 ಪಾಯಿಂಟ್, ಜೊತೆಗೆ ತೆರಿಗೆ 1,200 ಕೈಯಿಂದ. ಉಳಿದದ್ದು 4,800. ಅದನ್ನು 12,000ದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ 0.40. ನಿಮ್ಮ 0.25ಕ್ಕಿಂತ ಉತ್ತಮವೇ. ಆದರೆ ಆ ಪ್ರಯಾಣ ನೀವು ಹೇಗೂ ಮಾಡುವವರಾಗಿದ್ದರೆ ಮಾತ್ರ ಅದು ಉಳಿತಾಯ. ಪಾಯಿಂಟ್ ಇದೆ ಅಂತ ಹೊರಟರೆ ಹೋಟೆಲು, ಊಟ, ಓಡಾಟದ ಖರ್ಚು ಕೈಯಿಂದಲೇ. ಮೊದಲು ಸೀಟು ಇದೆಯಾ ನೋಡಿ, ಆಮೇಲೆ ವರ್ಗಾಯಿಸಿ. ಒಮ್ಮೆ ವರ್ಗಾಯಿಸಿದ ಪಾಯಿಂಟ್ ಹಿಂದಕ್ಕೆ ಬರುವುದಿಲ್ಲ ಅನ್ನುವುದು ಸಾಮಾನ್ಯ ನಿಯಮ.

ಮೈಲಿ ಕೂಡಿಟ್ಟುಕೊಂಡು ವರ್ಷಗಟ್ಟಲೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಪಾಯಿಂಟಿಗೆ ಬಡ್ಡಿ ಬರುವುದಿಲ್ಲ, ಅದರ ಬೆಲೆ ನಿರ್ಧರಿಸುವವರು ನೀವಲ್ಲ. 2015ರಲ್ಲಿ ಡೆಲ್ಟಾ ಏರ್‌ಲೈನ್ಸ್ ಯಾವ ಪ್ರಯಾಣಕ್ಕೆ ಎಷ್ಟು ಮೈಲಿ ಅಂತ ತೋರಿಸುವ ಪಟ್ಟಿಯನ್ನೇ ತನ್ನ ಜಾಲತಾಣದಿಂದ ತೆಗೆದುಬಿಟ್ಟಿತು. ಅಂಥ ಪಟ್ಟಿ ಇಲ್ಲದಿದ್ದರೆ ಇವತ್ತು 12,000ಕ್ಕೆ ಸಿಗುವ ಸೀಟು ನಾಳೆ 20,000 ಕೇಳಬಹುದು. ಬಂದದ್ದನ್ನು ವರ್ಷಕ್ಕೆ ಒಂದೆರಡು ಸಲ ಖಾಲಿ ಮಾಡುತ್ತಿರಿ.

ಕೊನೆಗೆ ನಿಮ್ಮ 18,000 ಪಾಯಿಂಟ್. ಮುಂದಿನ ಮೂರು-ನಾಲ್ಕು ತಿಂಗಳಲ್ಲಿ ನಿಮಗೆ ವಿಮಾನ ಪ್ರಯಾಣ ಖಂಡಿತ ಇದ್ದರೆ ಮೇಲಿನ ಲೆಕ್ಕ ಹಾಕಿ ನೋಡಿ. ಇಲ್ಲವಾದರೆ ಬಿಲ್ಲಿಗೇ ಹಾಕಿಸಿಕೊಳ್ಳಿ. ಪಾಯಿಂಟಿಗೆ ಬದಲಾಗಿ ಬ್ಯಾಂಕು ಕೊಡುವ ಕ್ಯಾಟಲಾಗಿನ ಸಾಮಾನಿನ ಕಡೆ ಹೋಗುವ ಮುನ್ನ ಅದೇ ಸಾಮಾನು ಹೊರಗೆ ಎಷ್ಟಿದೆ ಅಂತ ಹುಡುಕಿ. 12,000 ಪಾಯಿಂಟಿನ ಹೆಡ್‌ಫೋನ್ ಹೊರಗೆ 2,400ಕ್ಕೆ ಸಿಗುತ್ತಿದ್ದರೆ ಒಂದು ಪಾಯಿಂಟಿಗೆ ಸಿಕ್ಕಿದ್ದು 0.20. ಬಿಲ್ಲಿಗೆ ಹಾಕಿಸಿ 3,000 ಪಡೆದು, ಅದರಲ್ಲೇ ಹೆಡ್‌ಫೋನ್ ಕೊಂಡರೂ 600 ಉಳಿಯುತ್ತದೆ. ರಿಡೀಮ್ ಮಾಡಲು, ಅಂದರೆ ಪಾಯಿಂಟ್ ಕೊಟ್ಟು ಹಣವನ್ನೋ ಸಾಮಾನನ್ನೋ ಪಡೆಯಲು, ಪ್ರತಿ ಸಲ ಇಷ್ಟು ಅಂತ ಶುಲ್ಕ ಇದೆಯಾ ನೋಡಿ. ಇದ್ದರೆ ಎಕ್ಸ್‌ಪೈರ್ ಆಗುವಷ್ಟನ್ನು ಈಗ, ಉಳಿದದ್ದನ್ನು ಆಮೇಲೆ ಅಂತ ಎರಡು ಸಲ ಮಾಡಬೇಡಿ, ಎಲ್ಲ ಒಟ್ಟಿಗೆ ಮಾಡಿ. ಈ ವಾರವೇ ಮಾಡಿ, ಹಣ ಜಮೆ ಆಗಲು ಕೆಲವು ದಿನ ಹಿಡಿಯುತ್ತದೆ.

ಜಮೆ ಆದ ತಿಂಗಳು ಒಂದು ಎಚ್ಚರಿಕೆ. ಹೀಗೆ ಬಂದ ಹಣವನ್ನು ನೀವು ಮಾಡಿದ ಪಾವತಿ ಅಂತ ಎಣಿಸದ ಬ್ಯಾಂಕುಗಳಿವೆ. ಬಿಲ್ಲು ಬಂದ ಮೇಲೆ ಜಮೆ ಆದರೆ ಅದು ಮುಂದಿನ ಬಿಲ್ಲಿಗೆ ಹೋಗಬಹುದು. ಹಾಗಾಗಿ 4,500 ಬಂದಿದೆ ಅಂತ ಅಷ್ಟು ಕಡಿಮೆ ಕಟ್ಟಬೇಡಿ. ಆ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಟೋಟಲ್ ಡ್ಯೂ ಅಂತ ಯಾವ ಅಂಕಿ ಅಚ್ಚಾಗಿದೆಯೋ ಅಷ್ಟನ್ನೂ ಕಟ್ಟಿ.